ಕಾಲೇಜು ಹುಡುಗರ ಕನ್ನಡ ಪತ್ರಿಕೆ: ಸೆಂಟ್ರಲ್ ಕಾಲೇಜಿನಿಂದ ಮಲ್ಲತ್ತಹಳ್ಳಿವರೆಗೆ

ಪತ್ರಿಕೋದ್ಯಮ ಓದುವಾಗ ನಾವು ನಾಲ್ಕು ಜನ ಹುಡುಗರು ಮಲ್ಲತ್ತಹಳ್ಳಿಯಲ್ಲಿ ಒಂದು ರೂಮು ಮಾಡಿಕೊಂಡಿದ್ದೆವು. ನಾಲ್ಕೂ ಜನ ಹಳ್ಳಿಯವರೇ. ಕೋರ್ಸಿನಲ್ಲಿ ಪ್ರತಿ ಬ್ಯಾಚಿನವರೂ ಒಂದು ಪತ್ರಿಕೆ ಮಾಡಬೇಕಿತ್ತು. ಪ್ರಾಯೋಗಿಕ ಪತ್ರಿಕೆ ಅಂತ ಅದಕ್ಕೆ ಹೆಸರು. ವರದಿ ಬರೆಯೋದು, ಫೋಟೋ ತೆಗೆಯೋದು, ಪುಟ ಕಟ್ಟೋದು, ತಲೆಬರಹ ಕೊಡೋದು ಎಲ್ಲಾ ನಮ್ಮದೇ. ಅದಕ್ಕೆ ಅಂಕ ಇತ್ತು. ಮೊದಲ ಸಂಚಿಕೆ ಅಚ್ಚಾಗಿ ಬಂದ ದಿನ ಹಬ್ಬದ ಥರ ಇತ್ತು.

ಒಂದು ಪ್ರತಿಯನ್ನು ಊರಿಗೆ ತಗೊಂಡು ಹೋದೆ. ಅಪ್ಪ ಕನ್ನಡಕ ಹಾಕಿಕೊಂಡು ಜಗಲಿ ಮೇಲೆ ಕೂತು ಎಂಟೂ ಪುಟ ತಿರುವಿದರು. ನನ್ನ ಹೆಸರಿದ್ದ ಕಡೆ ಬೆರಳಿಟ್ಟು ನೋಡಿದರು. ಆಮೇಲೆ ಕೇಳಿದರು: "ಚೆನ್ನಾಗೈತೆ ಕಣಪ್ಪ. ಆದ್ರೆ ಇದನ್ನ ಯಾರು ಓದ್ತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದ್ರೆ ಅಚ್ಚಾದ ಪ್ರತಿಗಳಲ್ಲಿ ಅರ್ಧಕ್ಕೂ ಹೆಚ್ಚು ಕಟ್ಟು ಬಿಚ್ಚದೆ ಒಂದು ಬೀರುವಿನ ಮೇಲೆ ಕೂತಿದ್ದವು. ಅಂಕ ಬಂತು, ಪತ್ರಿಕೆ ಯಾರಿಗೂ ತಲುಪಲಿಲ್ಲ.

ಅಪ್ಪನ ಆ ಪ್ರಶ್ನೆ ಹಿಡಿದುಕೊಂಡು ಹಿಂದಕ್ಕೆ ಹೋದರೆ, ಬೆಂಗಳೂರಿನ ಕಾಲೇಜು ಹುಡುಗರ ಕನ್ನಡ ಪತ್ರಿಕೆಗೆ ನೂರು ವರ್ಷ ಮೀರಿದ ಒಂದು ಕತೆಯೇ ಇದೆ. ನಮ್ಮ ಹಳ್ಳಿಗಳಿಂದ ಹೋಗಿ ಓದಿದವರು ಆ ಕತೆಯಲ್ಲಿ ಬಹಳ ಮಂದಿ ಇದ್ದಾರೆ. ಅದನ್ನು ನಿಮಗೆ ಹೇಳಬೇಕು ಅನ್ನಿಸಿತು.

ಇಂಗ್ಲಿಷ್ ಕಾಲೇಜಿನೊಳಗೆ ಕನ್ನಡ ಸಂಘ

ಬೆಂಗಳೂರಿನ ಮೆಜೆಸ್ಟಿಕ್‌ನಿಂದ ನಡೆದುಕೊಂಡೇ ಹೋಗಬಹುದಾದಷ್ಟು ಹತ್ತಿರದಲ್ಲಿ ಸೆಂಟ್ರಲ್ ಕಾಲೇಜು ಇದೆ. ಗಡಿಯಾರ ಗೋಪುರ ಇರುವ ಹಳೇ ಕಲ್ಲಿನ ಕಟ್ಟಡ. 1858ರಲ್ಲಿ ಹೈಸ್ಕೂಲಾಗಿ ಶುರುವಾಗಿ, 1875ರಲ್ಲಿ ಸೆಂಟ್ರಲ್ ಕಾಲೇಜು ಅನ್ನೋ ಹೆಸರು ಪಡೆಯಿತು. ಮೊದಲು ಅದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದರ ಕೆಳಗೆ ಬಂತು.

ಕನ್ನಡನಾಡಿನಲ್ಲೇ ಇದ್ದ ವಿಶ್ವವಿದ್ಯಾನಿಲಯ, ಕನ್ನಡದ ಮಹಾರಾಜರು ಕಟ್ಟಿದ್ದು. ಆದರೆ ಒಳಗೆ ಪಾಠ ಎಲ್ಲಾ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಎಂ.ಎ. ಓದುವ ಅವಕಾಶ ಬಂದದ್ದೇ 1927ರಲ್ಲಿ, ಅಂದರೆ ವಿಶ್ವವಿದ್ಯಾನಿಲಯ ಶುರುವಾಗಿ ಹನ್ನೊಂದು ವರ್ಷ ಆದ ಮೇಲೆ.

ಆಗಿನ ಪರಿಸ್ಥಿತಿ ಹೇಗಿತ್ತು ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದ ಪುಟ್ಟಪ್ಪ ಎಂಬ ಹುಡುಗ 1922ರಲ್ಲಿ ಅಚ್ಚು ಹಾಕಿಸಿದ ಮೊದಲ ಕವನ ಪುಸ್ತಕ ಇಂಗ್ಲಿಷಿನದು. 'ಬಿಗಿನರ್ಸ್ ಮ್ಯೂಸ್' ಅಂತ ಅದರ ಹೆಸರು. ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಹೇಳಿದರು ಅನ್ನೋದು ಎಲ್ಲರಿಗೂ ಗೊತ್ತಿರುವ ಸಂಗತಿ. ಕುವೆಂಪು ಅಂಥವರೇ ಇಂಗ್ಲಿಷಿನಿಂದ ಶುರು ಮಾಡಿದ ಕಾಲ ಅದು. ಓದಿದ ಹುಡುಗ ಕನ್ನಡದಲ್ಲಿ ಬರೆಯೋದು ಮರ್ಯಾದೆಯ ಕೆಲಸ ಅಲ್ಲ ಅನ್ನೋ ಭಾವನೆ ಇತ್ತು.

ಇಂಥ ಹೊತ್ತಿನಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಒಬ್ಬ ಮೇಷ್ಟ್ರು ಹುಡುಗರನ್ನು ಸೇರಿಸಿಕೊಂಡು 'ಕರ್ನಾಟಕ ಸಂಘ' ಕಟ್ಟಿದರು. ಅವರ ಹೆಸರು ಎ.ಆರ್. ಕೃಷ್ಣಶಾಸ್ತ್ರಿ. ಮಹಾಭಾರತವನ್ನು ಸರಳ ಗದ್ಯದಲ್ಲಿ ಹೇಳುವ 'ವಚನ ಭಾರತ' ನಿಮ್ಮೂರಿನ ಗ್ರಂಥಾಲಯದಲ್ಲಿ ಇದ್ದರೂ ಇರಬಹುದು. ಅದನ್ನು ಬರೆದವರೇ ಇವರು. ಹುಟ್ಟಿದ್ದು 1890ರಲ್ಲಿ. ಸಂಘ ಕಟ್ಟಿದಾಗ ಇನ್ನೂ ಮೂವತ್ತು ದಾಟಿರಲಿಲ್ಲ.

1919ರಲ್ಲಿ ಈ ಸಂಘ ಒಂದು ಪತ್ರಿಕೆ ತಂದಿತು. ಹೆಸರು 'ಪ್ರಬುದ್ಧ ಕರ್ನಾಟಕ'. ಮೂರು ತಿಂಗಳಿಗೊಮ್ಮೆ ಬರುವ ತ್ರೈಮಾಸಿಕ. ದಿನಪತ್ರಿಕೆಯಂತೆ ಸುದ್ದಿ ಕೊಡುವ ಪತ್ರಿಕೆ ಅದಲ್ಲ. ಕತೆ, ಕವಿತೆ, ವಿಚಾರ, ವಿಮರ್ಶೆಗಳ ಪತ್ರಿಕೆ. ಆದರೆ ಒಂದು ಕಾಲೇಜಿನ ಸಂಘ ತನ್ನ ಹೆಸರಿನಲ್ಲಿ, ಕನ್ನಡದಲ್ಲಿ, ಕಾಲೇಜಿನ ಹೊರಗಿನವರೂ ಓದಲಿ ಅಂತ ತಂದ ಪತ್ರಿಕೆ.

ಹೆಸರನ್ನು ಸ್ವಲ್ಪ ಗಮನಿಸಿ. 1919ರಲ್ಲಿ ಕರ್ನಾಟಕ ಅನ್ನೋ ರಾಜ್ಯವೇ ಇರಲಿಲ್ಲ. ಕನ್ನಡ ಮಾತಾಡುವ ಜನ ಮೈಸೂರು ಸಂಸ್ಥಾನ, ಮುಂಬೈ ಪ್ರಾಂತ, ಮದ್ರಾಸ್ ಪ್ರಾಂತ, ಹೈದರಾಬಾದ್ ನಿಜಾಮರ ಸೀಮೆ, ಕೊಡಗು ಹೀಗೆ ಹಂಚಿಹೋಗಿದ್ದರು. ಎಲ್ಲರೂ ಒಂದಾದದ್ದು 1956ರ ನವೆಂಬರ್ 1ರಂದು. ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬಂದದ್ದು 1973ರಲ್ಲಿ. ಅಂದರೆ ಕಾಲೇಜು ಸಂಘವೊಂದು 54 ವರ್ಷ ಮೊದಲೇ ಆ ಹೆಸರನ್ನು ತನ್ನ ಪತ್ರಿಕೆಯ ಮೇಲೆ ಹಾಕಿಕೊಂಡಿತ್ತು. ಪ್ರಬುದ್ಧ ಅಂದರೆ ಎಚ್ಚೆತ್ತ ಎಂದರ್ಥ.

ಹೊರದೇಶದ ಲೆಕ್ಕವನ್ನೂ ನೋಡೋಣ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪತ್ರಿಕೆ 'ಕ್ರಿಮ್ಸನ್' 1873ರದು. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿದ್ಯಾರ್ಥಿಗಳ 'ಚರ್ವೆಲ್' ಶುರುವಾದದ್ದು 1920ರಲ್ಲಿ. ನಮ್ಮ ಸೆಂಟ್ರಲ್ ಕಾಲೇಜಿನ ಪತ್ರಿಕೆ ಅದಕ್ಕಿಂತ ಒಂದು ವರ್ಷ ದೊಡ್ಡದು.

ಮೊಳೆ ಜೋಡಿಸಿ ಪತ್ರಿಕೆ

ಈಗ ಒಂದು ಮೊಬೈಲಿದ್ದರೆ ಹೊಲದ ಬದುವಿನ ಮೇಲೆ ಕೂತು ಬರೆದು ಹಾಕಬಹುದು. ಆಗ ಹಾಗಲ್ಲ. ಕನ್ನಡ ಅಚ್ಚು ಅಂದರೆ ಸೀಸದ ಮೊಳೆಗಳನ್ನು ಒಂದೊಂದಾಗಿ ಕೈಯಲ್ಲಿ ಆರಿಸಿ ಸಾಲಾಗಿ ಜೋಡಿಸಬೇಕು. ಇಂಗ್ಲಿಷಿಗೆ 26 ಅಕ್ಷರ, ದೊಡ್ಡದು ಚಿಕ್ಕದು ಸೇರಿ ಅದರ ಎರಡರಷ್ಟು. ಕನ್ನಡದಲ್ಲಿ ಕಾಗುಣಿತ ಇದೆ, ಒತ್ತಕ್ಷರ ಇದೆ, ಎಲ್ಲಕ್ಕೂ ಬೇರೆ ಬೇರೆ ಮೊಳೆ ಬೇಕು. ಜೋಡಿಸುವವನಿಗೆ ಯಾವ ಮನೆಯಲ್ಲಿ ಯಾವ ಮೊಳೆ ಅನ್ನೋದು ಕಣ್ಣು ಮುಚ್ಚಿದರೂ ಗೊತ್ತಿರಬೇಕು. ಜೋಡಿಸಿದ ಮೇಲೆ ಕರಡು ತೆಗೆದು ತಿದ್ದಬೇಕು. ಒಂದು ಒತ್ತು ತಪ್ಪಿದರೆ ಚಿಮಟದಲ್ಲಿ ಎತ್ತಿ ಬೇರೆ ಇಡಬೇಕು. ಪುಟ ಅಚ್ಚಾದ ಮೇಲೆ ಮೊಳೆಗಳನ್ನೆಲ್ಲಾ ಬಿಡಿಸಿ ವಾಪಸ್ ಅವುಗಳ ಮನೆಗೆ ಹಾಕಬೇಕು.

ಇದಕ್ಕೆಲ್ಲ ದುಡ್ಡು ಬೇಕು. ಸಾಹಿತ್ಯ ಪತ್ರಿಕೆ ಬದುಕುತ್ತಿದ್ದದ್ದು ಚಂದಾದಾರರಿಂದ. ಮೈಸೂರು ಸಂಸ್ಥಾನದಲ್ಲಿ ಆಗ ಓದು ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಅವರಲ್ಲಿ ದುಡ್ಡು ಕೊಟ್ಟು ಕನ್ನಡ ಪತ್ರಿಕೆ ತರಿಸುವವರು ಇನ್ನೂ ಕಡಿಮೆ. ಸೆಂಟ್ರಲ್ ಕಾಲೇಜಿನಲ್ಲೇ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ ಸೇರಿ 1918ರಲ್ಲಿ 'ವಿಜ್ಞಾನ' ಅನ್ನೋ ಕನ್ನಡ ಮಾಸಪತ್ರಿಕೆ ತಂದಿದ್ದರು. ಸೈನ್ಸನ್ನು ಕನ್ನಡದಲ್ಲಿ ಹೇಳಬಹುದು ಅಂತ ಅವರು ಆಗಲೇ ತೋರಿಸಿದರು. ಅಂಥ ಒಳ್ಳೆ ಪತ್ರಿಕೆಯೂ ಹೆಚ್ಚು ಕಾಲ ನಡೆಯಲಿಲ್ಲ.

ಪ್ರಬುದ್ಧ ಕರ್ನಾಟಕ ಮಾತ್ರ ನಿಲ್ಲಲಿಲ್ಲ. ಅದು ಯಾಕೆ ಅಂತ ಯೋಚಿಸಿದರೆ ನನಗೆ ಕಾಣುವುದು ಒಂದೇ ಕಾರಣ. ಹುಡುಗರ ಜೊತೆ ಒಬ್ಬ ಮೇಷ್ಟ್ರು ಇದ್ದರು.

ವಿದ್ಯಾರ್ಥಿ ಪತ್ರಿಕೆಗೆ ಹುಟ್ಟಿನಿಂದಲೇ ಒಂದು ರೋಗ ಇರುತ್ತೆ. ಕಾಲೇಜಿನಲ್ಲಿ ಹುಡುಗರು ಇರೋದು ಎರಡು ವರ್ಷ, ಮೂರು ವರ್ಷ. ಮೊದಲ ವರ್ಷ ಕಲಿಯೋದರಲ್ಲಿ ಹೋಗುತ್ತೆ. ಎರಡನೇ ವರ್ಷ ಕೈ ಕುದುರುತ್ತೆ. ಮೂರನೇ ವರ್ಷ ಪರೀಕ್ಷೆ, ಕೆಲಸದ ಚಿಂತೆ. ಚೆನ್ನಾಗಿ ಮಾಡುವ ಹೊತ್ತಿಗೆ ಅವರು ಹೊರಗೆ. ಮುಂದಿನವರು ಮತ್ತೆ ಒಂದರಿಂದ ಶುರು ಮಾಡಬೇಕು. ಚಂದಾದಾರರ ವಿಳಾಸದ ಪುಸ್ತಕ ಯಾರ ಹತ್ತಿರ ಇದೆ ಅನ್ನೋದೇ ಗೊತ್ತಿರುವುದಿಲ್ಲ. ನಮ್ಮ ಹಾಲಿನ ಡೇರಿ ಸಂಘದಲ್ಲಿ ಎರಡು ವರ್ಷಕ್ಕೊಮ್ಮೆ ಕಾರ್ಯದರ್ಶಿಯಿಂದ ಹಿಡಿದು ಹಾಲು ಅಳೆಯುವವರ ತನಕ ಎಲ್ಲರೂ ಬದಲಾದರೆ ಏನಾಗುತ್ತೆ, ಹಾಗೆ.

ಕೃಷ್ಣಶಾಸ್ತ್ರಿಗಳು ಮಧ್ಯೆ ನಿಂತದ್ದರಿಂದ ಹುಡುಗರು ಬಂದು ಹೋದರೂ ಪತ್ರಿಕೆ ನಡೆಯಿತು.

ಪತ್ರಿಕೆ ಉಳಿಯಿತು, ಕೈ ಬದಲಾಯಿತು

ಮುಂದೆ ಈ ಪತ್ರಿಕೆಯನ್ನು ಮೈಸೂರು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. ದುಡ್ಡಿನ ಚಿಂತೆ ತಪ್ಪಿತು. ಕನ್ನಡದ ದೊಡ್ಡ ದೊಡ್ಡ ವಿದ್ವಾಂಸರು ಅದರಲ್ಲಿ ಬರೆದರು. ಹಳಗನ್ನಡ ಕಾವ್ಯ, ಶಾಸನ, ವ್ಯಾಕರಣ, ವಿಮರ್ಶೆ ಹೀಗೆ ಕನ್ನಡದ ಬಗ್ಗೆ ಸಂಶೋಧನೆ ಮಾಡುವವರು ಇವತ್ತಿಗೂ ಅದರ ಹಳೇ ಸಂಚಿಕೆಗಳನ್ನು ಹುಡುಕುತ್ತಾರೆ. ಇಷ್ಟು ದೊಡ್ಡ ಆಯಸ್ಸು ಪಡೆದ ಕನ್ನಡ ಪತ್ರಿಕೆಗಳು ಬಹಳ ಕಡಿಮೆ.

ಆದರೆ ಇದರಲ್ಲಿ ಒಂದು ನಷ್ಟವೂ ಆಯಿತು. ವಿದ್ವಾಂಸರ ಪತ್ರಿಕೆಯಾದ ಮೇಲೆ ಕಾಲೇಜು ಹುಡುಗನ ಮೊದಲ ಕತೆಗೆ, ಸೊಟ್ಟಪಟ್ಟ ಕವಿತೆಗೆ ಅಲ್ಲಿ ಜಾಗ ಎಲ್ಲಿ? ಹುಡುಗರ ಸಂಘದಲ್ಲಿ ಹುಟ್ಟಿದ ಪತ್ರಿಕೆ ಬದುಕಲಿ ಅಂತ ದೊಡ್ಡ ಮನೆಗೆ ಕೊಟ್ಟಿದ್ದಾಯಿತು. ಅದು ಬದುಕಿತು, ದೊಡ್ಡವರದಾಗಿ ಬದುಕಿತು. ಯಾರ ತಪ್ಪೂ ಇದರಲ್ಲಿ ಇಲ್ಲ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯ ತಂದ 'ಸಾಧನೆ' ಪತ್ರಿಕೆಯೂ ವಿದ್ವತ್ತಿನ ಪತ್ರಿಕೆಯೇ.

ಮೈಸೂರು ವಿಶ್ವವಿದ್ಯಾನಿಲಯ ಇನ್ನೊಂದು ಒಳ್ಳೆ ಕೆಲಸವನ್ನೂ ಮಾಡಿತು ಅನ್ನೋದನ್ನು ಮರೆಯಬಾರದು. ಅಧ್ಯಾಪಕರು ಊರುಗಳಿಗೆ ಹೋಗಿ ಕನ್ನಡದಲ್ಲಿ ಭಾಷಣ ಮಾಡುತ್ತಿದ್ದರು. ಆ ಭಾಷಣಗಳನ್ನು ಸಣ್ಣ ಪುಸ್ತಕ ಮಾಡಿ ಕಡಿಮೆ ಬೆಲೆಗೆ ಕೊಡುತ್ತಿದ್ದರು. ಹಳ್ಳಿಯವರಿಗೂ ತಲುಪಬೇಕು ಅನ್ನೋ ಯೋಚನೆ ಆಗಲೇ ಇತ್ತು. ಆದರೆ ಅದು ಮೇಷ್ಟ್ರು ಹೇಳಿದ್ದನ್ನು ಹಳ್ಳಿ ಕೇಳುವ ವ್ಯವಸ್ಥೆ. ಹಳ್ಳಿ ತನ್ನ ಮಾತನ್ನು ತಾನೇ ಬರೆಯುವುದು ಇನ್ನೂ ದೂರ ಇತ್ತು.

ಇತ್ತ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದ ದೀಪವನ್ನು ಮುಂದೆ ಹಿಡಿದವರು ಜಿ.ಪಿ. ರಾಜರತ್ನಂ. ಕುಡುಕ ರತ್ನನ ಬಾಯಲ್ಲಿ ಕನ್ನಡದ ಪದ ಹಾಡಿಸಿದ ಅದೇ ರಾಜರತ್ನಂ ಮೇಷ್ಟ್ರು. ಅವರು ಸಂಘದಿಂದ ವಿದ್ಯಾರ್ಥಿಗಳ ಬರವಣಿಗೆಯನ್ನು ಅಚ್ಚು ಹಾಕಿಸಿದರು. ಹುಡುಗರನ್ನು ಬೆನ್ನು ತಟ್ಟಿ ಬರೆಸಿದರು. ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಹೋಗಿ ಮಾರುತ್ತಿದ್ದರು. ಪ್ರೊಫೆಸರು ಪುಸ್ತಕದ ಗಂಟು ಹೊತ್ತು ಮಾರೋದಾ ಅಂತ ಅವರಿಗೆ ನಾಚಿಕೆ ಇರಲಿಲ್ಲ. ಬರೆದದ್ದು ಓದುವವರ ಕೈ ಸೇರುವ ತನಕ ಕೆಲಸ ಮುಗಿದಿಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಬೀರುವಿನ ಮೇಲೆ ಕಟ್ಟು ಬಿಚ್ಚದೆ ಬಿಟ್ಟ ನಮಗೆ ಅದು ಗೊತ್ತಿರಲಿಲ್ಲ.

1973 ಅನ್ನೋ ವರ್ಷ

1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿತು. ಸೆಂಟ್ರಲ್ ಕಾಲೇಜು ಅದರ ಭಾಗವಾಯಿತು. ಜಾಗ ಸಾಲದೆ ನಗರದ ಪಶ್ಚಿಮಕ್ಕೆ, ಮೈಸೂರು ರಸ್ತೆಯ ಪಕ್ಕ, ಮಲ್ಲತ್ತಹಳ್ಳಿ, ನಾಗರಬಾವಿ, ನಾಗದೇವನಹಳ್ಳಿಗಳ ನಡುವೆ ಸುಮಾರು 1,100 ಎಕರೆಯಲ್ಲಿ ಹೊಸ ಆವರಣ ಮಾಡಿದರು. ಅದೇ ಜ್ಞಾನಭಾರತಿ. ಅಲ್ಲಿಗೆ ವಿಭಾಗಗಳು ಬಂದದ್ದು 1973ರಲ್ಲಿ. ಆಗ ಇವೆಲ್ಲಾ ಊರ ಹೊರಗಿನ ಹಳ್ಳಿಗಳು.

ಆ ಹೊತ್ತಿಗೆ ಕುಲಪತಿಯಾಗಿದ್ದವರು ಎಚ್. ನರಸಿಂಹಯ್ಯ. ಗೌರಿಬಿದನೂರಿನ ಹೊಸೂರು ಅನ್ನೋ ಹಳ್ಳಿಯಿಂದ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಬಂದ ಹುಡುಗ. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ 1942ರ ಚಳವಳಿಗೆ ಧುಮುಕಿ ಜೈಲಿಗೆ ಹೋಗಿದ್ದವರು. ಇತ್ತ ಶಿಕಾರಿಪುರದ ಕಡೆಯಿಂದ ಬಂದ ಜಿ.ಎಸ್. ಶಿವರುದ್ರಪ್ಪನವರು ಇಲ್ಲಿ ಕನ್ನಡ ಅಧ್ಯಯನ ಕೇಂದ್ರವನ್ನು ಕಟ್ಟಿ ಬೆಳೆಸಿದರು. 1927ಕ್ಕೆ ಮೊದಲು ಕನ್ನಡ ಎಂ.ಎ.ಯೇ ಇಲ್ಲದಿದ್ದ ನಾಡಿನಲ್ಲಿ ಈಗ ಹಳ್ಳಿ ಹುಡುಗರು, ಹುಡುಗಿಯರು ಕನ್ನಡ ಎಂ.ಎ. ಓದಲು ಸಾಲು ನಿಂತರು.

ಅದೇ 1973ರಲ್ಲಿ ಇಲ್ಲಿ ಸಂವಹನ ವಿಭಾಗ, ಅಂದರೆ ಪತ್ರಿಕೋದ್ಯಮ ಕಲಿಸುವ ವಿಭಾಗ ಶುರುವಾಯಿತು. ಮೈಸೂರಿನಲ್ಲಿ ಅದಕ್ಕೂ ಮುಂಚೆ, 1951ರಲ್ಲೇ, ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮದ ಪಾಠ ಶುರು ಮಾಡಿದ್ದರು.

ಅದೇ ವರ್ಷ ಬೆಂಗಳೂರಿನಲ್ಲಿ ಶ್ರೀನಿವಾಸ್ ಎಂಬ ಯುವಕ 'ಶೂದ್ರ' ಅನ್ನೋ ಪತ್ರಿಕೆ ತಂದರು. ಆಮೇಲೆ ಅವರು ಶೂದ್ರ ಶ್ರೀನಿವಾಸ್ ಅಂತಲೇ ಹೆಸರಾದರು. ಅದೇ ವರ್ಷದ ನವೆಂಬರ್‌ನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು. ಕಾಲೇಜು ಕಾಲೇಜುಗಳಲ್ಲಿ ಗಲಾಟೆ ಆಯಿತು. ಹಾಸ್ಟೆಲುಗಳಲ್ಲಿದ್ದ ದಲಿತ ಹುಡುಗರು ಏಟು ತಿಂದರು. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಟ್ಟರು. ಆದರೆ ಆ ಹುಡುಗರು ಸುಮ್ಮನಾಗಲಿಲ್ಲ. ಈ ಸಾಹಿತ್ಯದಲ್ಲಿ, ಈ ಪತ್ರಿಕೆಗಳಲ್ಲಿ ನಮ್ಮ ಕೇರಿ ಎಲ್ಲಿದೆ ಅಂತ ಕೇಳಿದರು. ದಲಿತ ಸಂಘರ್ಷ ಸಮಿತಿ ಹುಟ್ಟಿತು, 'ಪಂಚಮ' ಪತ್ರಿಕೆ ಬಂತು. ಮಾಗಡಿ ಕಡೆಯ ಮಂಚನಬೆಲೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಓದಿದ ಸಿದ್ಧಲಿಂಗಯ್ಯನವರು 1975ರಲ್ಲಿ 'ಹೊಲೆಮಾದಿಗರ ಹಾಡು' ತಂದರು. ಮುಂದೆ ಅವರು ಇದೇ ಜ್ಞಾನಭಾರತಿಯಲ್ಲಿ ಕನ್ನಡ ಪ್ರಾಧ್ಯಾಪಕರಾದರು.

1919ರ ಮೇಷ್ಟ್ರಿಗೆ ಇದ್ದ ಪ್ರಶ್ನೆ, ಓದಿದವರು ಕನ್ನಡದಲ್ಲಿ ಯಾಕೆ ಬರೆಯುವುದಿಲ್ಲ ಅನ್ನೋದು. 1973ರ ಹುಡುಗರ ಪ್ರಶ್ನೆ, ಕನ್ನಡದಲ್ಲಿ ಬರೆಯುವವರು ಯಾರ ಬಗ್ಗೆ ಬರೆಯುತ್ತಿದ್ದಾರೆ ಅನ್ನೋದು. ಮೊದಲಿನದು ಭಾಷೆಯ ಪ್ರಶ್ನೆಯಾಗಿತ್ತು, ಎರಡನೆಯದು ಜನರ ಪ್ರಶ್ನೆಯಾಯಿತು. ಮೊದಲ ಪ್ರಶ್ನೆ ಕೇಳಿ ಯಾರೋ ದಾರಿ ಮಾಡಿದ್ದರಿಂದಲೇ ಎರಡನೆಯದನ್ನು ಕನ್ನಡದಲ್ಲಿ ಕೇಳೋಕೆ ಆಯಿತು ಅನ್ನೋದನ್ನೂ ಒಪ್ಪಿಕೊಳ್ಳಬೇಕು.

ಅಂಕದ ಪತ್ರಿಕೆ

ಈಗ ನಮ್ಮ ಕಾಲಕ್ಕೆ ಬರೋಣ. ಪತ್ರಿಕೋದ್ಯಮ ಕಲಿಸುವ ಕಾಲೇಜುಗಳು ರಾಜ್ಯದಲ್ಲಿ ಜಿಲ್ಲೆ ಜಿಲ್ಲೆಗೂ ಇವೆ. ಬಹಳ ಕಡೆ ಪ್ರಾಯೋಗಿಕ ಪತ್ರಿಕೆ ಪಠ್ಯದಲ್ಲೇ ಇದೆ. ದುಡ್ಡಿಲ್ಲದ ಕಡೆ ಗೋಡೆಗೆ ಅಂಟಿಸುವ ಭಿತ್ತಿಪತ್ರಿಕೆ ಮಾಡುತ್ತಾರೆ. ಕಂಪ್ಯೂಟರ್ ಬಂದ ಮೇಲೆ ಸೀಸದ ಮೊಳೆ ಹೋಯಿತು. 'ಬರಹ', 'ನುಡಿ' ತಂತ್ರಾಂಶ ಬಂದವು. ಪುಟ ಕಟ್ಟೋದು ಈಗ ಒಂದು ಸಂಜೆಯ ಕೆಲಸ.

ಕಷ್ಟ ಕಡಿಮೆಯಾಯಿತು, ಪತ್ರಿಕೆ ಜಾಸ್ತಿಯಾಯಿತು. ಆದರೆ ಅದರಲ್ಲಿ ಏನಿರುತ್ತೆ? ನಮ್ಮ ಸಂಚಿಕೆಯನ್ನೇ ಹೇಳುತ್ತೇನೆ. ಮೊದಲ ಪುಟದಲ್ಲಿ ಒಂದು ವಿಚಾರ ಸಂಕಿರಣದ ಉದ್ಘಾಟನೆ, ದೀಪ ಹಚ್ಚುವ ಫೋಟೋ. ಒಳಗೆ ಗಣ್ಯರ ಭಾಷಣ, ಕ್ರೀಡಾಕೂಟ, ಒಂದು ಸಿನಿಮಾ ವಿಮರ್ಶೆ. ನಾವು ಇದ್ದ ಮಲ್ಲತ್ತಹಳ್ಳಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಪಕ್ಕದಲ್ಲೇ ಕೆರೆ ಇತ್ತು. ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಮನೆಗಳು ಎದ್ದಿದ್ದವು. ನಮ್ಮ ಮನೆ ಓನರಜ್ಜಿ ದಿನಾ ಸಂಜೆ ಮೆಟ್ಟಿಲ ಮೇಲೆ ಕೂತು ಹಳೇ ಊರಿನ ಕತೆ ಹೇಳುತ್ತಿದ್ದರು. ಎಲ್ಲಿ ಕಣ ಇತ್ತು, ಯಾವ ಬಾವಿ ನೀರು ಸಿಹಿ, ಮನೆಗಳು ಏಳೋಕೆ ಮುಂಚೆ ಅಲ್ಲಿಂದ ಎಷ್ಟು ದೂರ ಕಾಣುತ್ತಿತ್ತು ಅಂತ. ನಾವು ಊಟಕ್ಕೆ ಹೊತ್ತಾಯಿತು ಅಂತ ಹೂಂ ಹೂಂ ಅಂದು ಎದ್ದು ಹೋಗುತ್ತಿದ್ದೆವು. ಒಂದು ಹಳ್ಳಿ ನಗರವಾಗುವುದನ್ನು ಕಣ್ಣಾರೆ ಕಂಡ ಸಾಕ್ಷಿ ನಮ್ಮ ಬಾಗಿಲಲ್ಲೇ ಕೂತಿತ್ತು. ನಾವು ಸುದ್ದಿ ಹುಡುಕಿಕೊಂಡು ಬಸ್ಸು ಹತ್ತಿ ಟೌನ್‌ಹಾಲಿಗೆ ಹೋಗುತ್ತಿದ್ದೆವು.

ಕೋರ್ಸು ಮುಗಿಸಿ ರೂಮು ಬಿಟ್ಟೆವು. ಕೆಲವು ವರ್ಷದ ಮೇಲೆ ಕಲಾಗ್ರಾಮಕ್ಕೆ ನಾಟಕ ನೋಡಲು ಹೋದಾಗ ಆ ಬೀದಿಗೆ ಹೋಗಿ ಕೇಳಿದೆ. ಅಜ್ಜಿ ತೀರಿಹೋಗಿದ್ದರು. ಆ ಕತೆಗಳಲ್ಲಿ ಒಂದನ್ನೂ ನಾನು ಬರೆದುಕೊಂಡಿರಲಿಲ್ಲ. ಈಗ ಬರೆಯೋಣ ಅಂದರೆ ಅರ್ಧಂಬರ್ಧ ನೆನಪು. ಪತ್ರಿಕೋದ್ಯಮದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಯಾವುದು ಅಂತ ಕೇಳಿದರೆ ಇದನ್ನೇ ಹೇಳುತ್ತೇನೆ. ಇದಕ್ಕೆ ಯಾರೂ ಅಂಕ ಕಳೆಯಲಿಲ್ಲ.

ಯಾರು ಓದ್ತಾರೆ?

ಈ ನೂರು ವರ್ಷದ ಕತೆಯಿಂದ ನನಗೆ ತಿಳಿದದ್ದು ಮೂರು ಮಾತು.

ಒಂದು, ಪತ್ರಿಕೆ ಉಳಿಯಬೇಕಾದರೆ ಬ್ಯಾಚು ಹೋದರೂ ಹೋಗದ ಒಬ್ಬರು ಬೇಕು. ಕೃಷ್ಣಶಾಸ್ತ್ರಿಗಳಿದ್ದ ಹಾಗೆ. ಅದು ಮೇಷ್ಟ್ರೇ ಆಗಬೇಕಿಲ್ಲ. ಊರಿನ ಗ್ರಂಥಾಲಯ ನೋಡಿಕೊಳ್ಳುವವರಾಗಬಹುದು, ಓದು ಮುಗಿಸಿ ಊರಿಗೆ ಮರಳಿದ ಹುಡುಗಿಯಾಗಬಹುದು.

ಎರಡು, ಉಳಿಸಲು ಹೋಗಿ ದೊಡ್ಡವರ ಕೈಗೆ ಕೊಟ್ಟರೆ ಅದು ದೊಡ್ಡವರದಾಗುತ್ತೆ. ಹೊಸಬರಿಗೆ ಒಂದು ಪುಟವನ್ನಾದರೂ ಬಿಟ್ಟಿರಬೇಕು.

ಮೂರು, ಅಚ್ಚಾಗುವುದು ಅರ್ಧ ಕೆಲಸ. ರಾಜರತ್ನಂ ಥರ ಹೊತ್ತುಕೊಂಡು ಹೋಗಿ ತಲುಪಿಸುವುದು ಇನ್ನರ್ಧ.

ನಾವು ಕೆಲವರು ಗೆಳೆಯರು ಸೇರಿ ಇಲ್ಲಿ ಬರೆಯಲು ಶುರು ಮಾಡಿದಾಗ ನಮ್ಮ ಹತ್ತಿರ ಪ್ರೆಸ್ಸಿಲ್ಲ, ಚಂದಾದಾರರಿಲ್ಲ. ಆದರೆ ನೀವು ಇದನ್ನು ಓದುತ್ತಿರುವುದು ನಿಮ್ಮ ಮೊಬೈಲಿನಲ್ಲಿ. ಕೃಷ್ಣಶಾಸ್ತ್ರಿಗಳಿಗೆ ಸಿಗದಿದ್ದ ಓದುಗ ನಮಗೆ ಸಿಕ್ಕಿದ್ದಾನೆ. ಹೊಲದಲ್ಲಿ, ಡೇರಿ ಮುಂದೆ, ಬಸ್‌ಸ್ಟ್ಯಾಂಡಿನಲ್ಲಿ ನಿಂತು ಓದುವ ಓದುಗ.

ಹೋದ ಯುಗಾದಿಗೆ ಊರಿಗೆ ಹೋದಾಗ ನಮ್ಮೂರ ಕೆರೆ ತೂಬಿನ ಬಗ್ಗೆ ಇಲ್ಲಿ ಬರೆದಿದ್ದನ್ನು ಅಪ್ಪನಿಗೆ ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ಈ ಸಲ ಯಾರು ಓದ್ತಾರೆ ಅಂತ ಕೇಳಲಿಲ್ಲ. "ತೂಬು ಕಟ್ಟಿಸಿದ್ದು ನಮ್ಮ ತಾತನ ಕಾಲದಾಗಲ್ಲ ಕಣಪ್ಪ, ಅದಕ್ಕಿಂತ ಹಿಂದೆ. ತಪ್ಪು ಬರ್ದಿದ್ದೀಯ" ಅಂದರು.

ತಿದ್ದಿದ್ದೇನೆ. ನಿಮ್ಮೂರಿನ ವಿಷಯದಲ್ಲಿ ನಾವು ತಪ್ಪು ಬರೆದಿದ್ದರೆ ನೀವೂ ಹೇಳಿ. ನಿಮ್ಮ ಮನೆ ಮೆಟ್ಟಿಲ ಮೇಲೆ ಕತೆ ಹೇಳುವ ಅಜ್ಜಿ ಇದ್ದರೆ ಇವತ್ತೇ ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ಊಟ ಸ್ವಲ್ಪ ತಡವಾದರೂ ಪರವಾಗಿಲ್ಲ.